ಕಂಸದೊಳಗಿನ ಹೆಸರು

ಸೊಪ್ಪು ಕೊಯ್ಯುವ ಕುಡುಗೋಲು ಫ್ಲೆಕ್ಸಿನ ಮೇಲೆ ಸರಿಯಾಗಿ ಆಡಲಿಲ್ಲ. ಯಲ್ಲಕ್ಕ ಎಡಗೈಯನ್ನು ಗಂಡನ ಫೋಟೊದ ಮೇಲೆ ಊರಿ, ಬಲಗೈಯಿಂದ ಗರಗರ ಎಳೆದಳು. ಅತ್ತ ಮನೆಯ ಮುಂದೆ ಹೆಣದ ಸ್ನಾನಕ್ಕೆ ನೀರು ಕಾಯುತ್ತಿತ್ತು. ಇತ್ತ ಹೆಂಡತಿ ಬಸ್ಸು ನಿಲ್ಲುವ ಕಟ್ಟೆಯ ಹತ್ತಿರ ಶ್ರದ್ಧಾಂಜಲಿಯ ಫ್ಲೆಕ್ಸ್ ಕೊಯ್ಯುತ್ತಿದ್ದಾಳೆಂದರೆ ನೋಡಿದವರು ಏನಂದುಕೊಂಡಾರು? ಅಂದುಕೊಳ್ಳಲಿ. ಇಷ್ಟು ವರ್ಷ ಊರಿನವರು ಅಂದುಕೊಂಡದ್ದನ್ನೆಲ್ಲ ಬಾಯಿ ಬಿಟ್ಟು ಅಂದೇ ಇದ್ದರಲ್ಲ!

ಎರಡು ಗಳುಗಳ ನಡುವೆ, ನೆಲಕ್ಕೆ ತಾಗುವಷ್ಟು ಉದ್ದಕ್ಕೆ ಕಟ್ಟಿದ್ದರು. ಮೇಲೆ ಆಧಾರ್ ಕಾರ್ಡಿನ ಫೋಟೊವನ್ನು ಹಿಗ್ಗಿಸಿದ ಮುಖ. ಅದರ ಕೆಳಗೆ ಕೆಂಪಕ್ಷರದಲ್ಲಿ 'ಶ್ರೀ ಪಾಲಣ್ಣ (ಹಿಕ್ಕೆ)'. ಅದಕ್ಕೂ ಕೆಳಗೆ 'ಮತ್ತೆ ಹುಟ್ಟಿ ಬಾ ಗೆಳೆಯ'.

ಪಕ್ಕದಲ್ಲಿ ನಿಂತಿದ್ದ ಮಗಳ ಮಗ ಸುದೀಪನಿಗೆ ಏಳು ವರ್ಷ. ಚಿತ್ರದುರ್ಗದಲ್ಲಿ ಬೆಳೆದ ಮಗು, ಅಕ್ಷರ ಕೂಡಿಸಿ ಓದಿದ. "ಅಜ್ಜೀ, ಹಿಕ್ಕೆ ಅಂದ್ರೆ ಕುರಿ ಹಾಕ್ತಾವಲ್ಲ, ಅದಾ? ನಮ್ಮಜ್ಜನ ಹೆಸರು ಅದಾ?"

ಯಲ್ಲಕ್ಕನ ಕೈ ಎದ್ದದ್ದು ಅವಳಿಗೇ ತಿಳಿಯಲಿಲ್ಲ. ಕೆನ್ನೆಗೆ ಛಟೀರೆಂದು ಬಿತ್ತು. ಹುಡುಗ ಅಳಲಿಲ್ಲ, ಕೆನ್ನೆ ಒತ್ತಿಕೊಂಡು ಅವಳನ್ನೇ ನೋಡುತ್ತ ನಿಂತ.

"ಏನವ್ವ ಇದು, ತಲೆಗಿಲೆ ಕೆಟ್ಟೈತಾ?" ಜಂಪಣ್ಣ ಓಡಿಬಂದ. ಸತ್ತವನ ವಾರಗೆಯವನು, ಒಂದು ಕಾಲಕ್ಕೆ ಪಂಚಾಯ್ತಿ ಮೆಂಬರು. "ಬೆಳಿಗ್ಗೇನೆ ಹೊಸದುರ್ಗಕ್ಕೆ ಹೋಗಿ, ಎದುರಿಗೆ ಕುಂತು ಮಾಡಿಸ್ಕಂಡ್ ಬಂದೀನಿ!"

"ಆ ಮಾತು ಯಾಕೆ ಹಾಕ್ಸಿದ್ರಿ?"

"ಹಾಕ್ಸದಿದ್ರೆ ಸತ್ತೋನು ಯಾರು ಅಂತ ಜನಕ್ಕೆ ಗೊತ್ತಾಗದು ಹೆಂಗೆ? ಬಾಗೂರಿಂದ ಶ್ರೀರಾಂಪುರದ ತಂಕ ಪಾಲಣ್ಣ ಅನ್ನೋರು ಹತ್ತು ಜನ ಅವ್ರೆ. ಪ್ರೀತಿಗೆ ಅಂತ ಕರೆಯಾದು, ತಪ್ಪು ತಿಳ್ಕಾಬ್ಯಾಡ."

"ನಿಮ್ಮ ಪ್ರೀತಿಗೆ ಬೆಂಕಿ ಬೀಳ! ಇದೊಂದು ದಿನ, ಮಣ್ಣು ಮುಚ್ಚಾ ತಂಕ, ಆ ಮಾತು ಯಾರ ಬಾಯಾಗೂ ಬರಬಾರದು. ಅರ್ಧದಾರಿ ಕಲ್ಲಿನತ್ರ ಕೂಗೋರು ನೀವೇ ಅಲ್ವಾ? ಇಟ್ಟ ಹೆಸರು ಹಿಡಿದು ಕೂಗ್ರಿ. ನಾನು ಕೇಳದು ಅಷ್ಟೇ."

ಮಸಣದ ದಾರಿಯ ನಡುವೆ ಒಂದು ಕಲ್ಲಿದೆ. ಅಲ್ಲಿ ಚಟ್ಟ ಇಳಿಸಿ, ಸತ್ತವನ ಜೊತೆಗಾರನೊಬ್ಬ ಅವನ ಕಿವಿಯಲ್ಲಿ ಮೂರು ಸಲ ಹೆಸರು ಕೂಗಬೇಕು. ಜೀವ ಇದ್ದರೆ ಓಗೊಡಲಿ ಎಂದು. ಓಗೊಡದಿದ್ದರೆ ಮುಂದಕ್ಕೆ ಹೊರುವುದು.

"ಆಯ್ತವ್ವ, ನಿನ್ನಾಣೆ, ಹಂಗೇ ಕೂಗ್ತೀನಿ," ಎಂದ ಜಂಪಣ್ಣ. ಪಾಪ, ನಿಜವಾಗಿಯೂ ಅವನ ಕಣ್ಣು ತುಂಬಿತ್ತು.

ಕಂಸದೊಳಗಿನದು ಕಂಸದ ಸಮೇತ ಕಳಚಿ ಬಂತು. ಚೂರು ಚೂರು ಮಾಡಿ ಚರಂಡಿಗೆಸೆದು ಯಲ್ಲಕ್ಕ ಮನೆಗೆ ನಡೆದಳು. ಫ್ಲೆಕ್ಸಿನಲ್ಲಿ ಒಂದು ಮೊರದಗಲ ತೂತು ಉಳಿಯಿತು.

*

ಮದುವೆಯಾದ ಹೊಸದರಲ್ಲಿ ಪಾಲಣ್ಣ ಒಮ್ಮೆ ಮಾತ್ರ ಅದನ್ನು ಹೇಳಿದ್ದ. ನಾಲ್ಕನೇ ಕ್ಲಾಸು. ಜಂಪಣ್ಣ ಅವನ ಅಂಗಿಯ ಜೇಬಿಗೆ ಗೊತ್ತಾಗದಂತೆ ಒಂದು ಹಿಡಿ ಕುರಿಹಿಕ್ಕೆ ತುಂಬಿದ್ದ. ಮೇಷ್ಟ್ರು ಲೆಕ್ಕ ಕೇಳಿದರು, ಇವನು ಎದ್ದ, ಬಿದ್ದ ಬಳಪ ಎತ್ತಿಕೊಳ್ಳಲು ಬಗ್ಗಿದ. ಹಿಕ್ಕೆ ನೆಲದ ಮೇಲೆ ಉದುರಿ ಮೇಷ್ಟ್ರ ಕಾಲ ತನಕ ಉರುಳಿದವು. ಮಕ್ಕಳು ನಕ್ಕರೆಂದರೆ ನಕ್ಕರು ಬಿಡಿ, ಮಕ್ಕಳು. ಮೇಷ್ಟ್ರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾರನೇ ದಿನ ಹಾಜರಿ ಕೂಗುವಾಗ ಪುಸ್ತಕದಲ್ಲಿದ್ದ ಹೆಸರು ಬಿಟ್ಟು "ಹಿಕ್ಕೇ..." ಎಂದರು.

"ನೀನೇನಂದೆ?" ಎಂದು ಯಲ್ಲಕ್ಕ ಕೇಳಿದ್ದಳು.

"ಓ ಅಂದೆ. ಹಾಜರಿ ಕೂಗಿದ್ರೆ ಓ ಅನ್ಬೇಕಲ್ಲ."

ಶಾಲೆ ಬಿಟ್ಟು ಕುರಿಗಳ ಹಿಂದೆ ಹೋದ. ಕುರಿಗಳು ಅವನನ್ನು ಯಾವ ಹೆಸರಿಂದಲೂ ಕರೆಯಲಿಲ್ಲ. ಆದರೆ ಹೆಸರು ಊರಲ್ಲೇ ಇತ್ತು. ಚಹದಂಗಡಿಯಲ್ಲಿ, ಸಂತೆಯಲ್ಲಿ, ಬೀಗರ ಎದುರಿಗೆ, ಎಲ್ಲೆಂದರಲ್ಲಿ. ಅಲ್ಲೆಲ್ಲ ಪಾಲಣ್ಣ ಹಲ್ಲು ಕಿರಿದು ನಗುತ್ತಿದ್ದ. ಮನೆಗೆ ಬಂದು ಕಂಬಳಿಯನ್ನು ಕಂಬಕ್ಕೆ ಬೀಸಿ ಒಗೆಯುತ್ತಿದ್ದ. ಆ ಸದ್ದು ಕೇಳಿದರೆ ಸಾಕು, ಯಲ್ಲಕ್ಕ ಮಕ್ಕಳನ್ನು ಹಿತ್ತಲಿಗೆ ಕಳಿಸುತ್ತಿದ್ದಳು. ಸಾರಿಗೆ ಉಪ್ಪು ಹೆಚ್ಚಾಗಿದ್ದರೂ ಏಟು, ಸರಿಯಾಗಿದ್ದರೂ ಏಟು. ಊರಿಗೆ ಕೊಡಬೇಕಾದ್ದನ್ನೆಲ್ಲ ಅವನು ಅವಳ ಬೆನ್ನಿಗೆ ಕೊಟ್ಟ. ಹೊಟ್ಟೆ ಉರಿಯುತ್ತಿತ್ತು ಅವಳಿಗೆ. ಊರಿನ ಮೇಲೋ ಗಂಡನ ಮೇಲೋ ಎಂದು ಬಿಡಿಸಿ ಹೇಳಲು ಬರುತ್ತಿರಲಿಲ್ಲ.

ಒಂದು ಸಂಜೆ ಹತ್ತು ವರ್ಷದ ಮಗ ಬಾಲರಾಜುವನ್ನು ಕೋಲು ಮುರಿಯುವ ಹಾಗೆ ಬಡಿಯುತ್ತಿದ್ದಾಗ ಅವಳ ಬಾಯಿ ಒಡೆಯಿತು. "ಬಿಡಲೇ, ಹಿಕ್ಕೆ!"

ಕೋಲು ಕೆಳಗೆ ಬಿತ್ತು. ಪಾಲಣ್ಣ ಅವಳ ಮುಖ ನೋಡಿದ. ಆಮೇಲೆ ಮೆಲ್ಲಗೆ, ಹಾಜರಿಗೆ ಉತ್ತರ ಕೊಟ್ಟವನ ಹಾಗೆ, "ಓ" ಎಂದ. ಹೊರಗೆ ಹೋಗಿ ಕುರಿಹಟ್ಟಿಯಲ್ಲಿ ಕುಳಿತ.

ಅಂದಿನಿಂದ ಅವನು ಯಾರಿಗೂ ಹೊಡೆಯಲಿಲ್ಲ. ಅವಳೊಡನೆ ಬೇಕಾದಷ್ಟಕ್ಕಿಂತ ಹೆಚ್ಚು ಮಾತೂ ಆಡಲಿಲ್ಲ. ಹಂಗೆ ಇಪ್ಪತ್ತು ವರ್ಷ.

*

ಕಲ್ಲಿನ ಹತ್ತಿರ ಚಟ್ಟ ಇಳಿಸಿದರು. ತಮಟೆ ನಿಂತಿತು. ಜಂಪಣ್ಣ ಮೊಣಕಾಲೂರಿ ಹೆಣದ ಕಿವಿಯ ಬಳಿ ಬಗ್ಗಿದ.

"ಪಾಲಣ್ಣಾ..."

ಯಲ್ಲಕ್ಕನ ಎದೆ ಹಗುರಾಯಿತು.

"ಪಾಲಣ್ಣಾ..."

ಇನ್ನೊಂದು. ಇನ್ನೊಂದೇ ಒಂದು. ಜಂಪಣ್ಣನಿಗೆ ಐವತ್ತು ವರ್ಷದ ಒಡನಾಟ ಒತ್ತರಿಸಿ ಬಂದು ಬಿಕ್ಕಿಬಿಕ್ಕಿ ಅಳತೊಡಗಿದ. ಹೆಣದ ಭುಜ ಹಿಡಿದು ಅಲ್ಲಾಡಿಸಿದ. "ಏಳಲೇ ಹಿಕ್ಕೆ! ಹಿಂಗೆ ಬಿಟ್ಟೋಗ್ತೀಯೇನಲೇ, ಹಿಕ್ಕೆ!"

ಹಿಂದೆ ಯಾರೋ ಕಿಸಕ್ಕೆಂದರು. ಅದು ಇನ್ನೊಬ್ಬರಿಗೆ ಹತ್ತಿತು, ಅಲ್ಲಿಂದ ಮತ್ತೊಬ್ಬರಿಗೆ. ನಾಲ್ಕಾರು ಟವೆಲ್ಲುಗಳು ಬಾಯಿಗೆ ಹೋದವು. ಜಂಪಣ್ಣನಿಗೆ ತಾನೇನೆಂದೆ ಎಂಬುದೇ ತಿಳಿಯಲಿಲ್ಲ, ಅಳುತ್ತಲೇ ಇದ್ದ.

"ಸರೀರಿ ಅತ್ಲಾಗೆ!" ಯಲ್ಲಕ್ಕ ಅವನನ್ನು ತಳ್ಳಿ ಕುಳಿತಳು.

"ಯಲ್ಲೀ, ಬ್ಯಾಡವ್ವ, ಗಂಡನ ಹೆಸರು ಹಿಡೀಬಾರದು," ಎಂದು ನೆರೆಮನೆಯ ಶಿವಗಂಗಮ್ಮ ಸೆರಗು ಎಳೆದಳು.

ಯಲ್ಲಕ್ಕ ಕೊಸರಿಕೊಂಡಳು. ಗಂಡನನ್ನು ಅವಳು ಒಮ್ಮೆಯೂ ಹೆಸರಿನಿಂದ ಕರೆದಿರಲಿಲ್ಲ. ಕರೆದದ್ದು ಆ ಇನ್ನೊಂದರಿಂದ, ಒಂದೇ ಸಲ. ತಣ್ಣಗಿದ್ದ ಕಿವಿಗೆ ಬಾಯಿ ಹಚ್ಚಿ, "ಪಾಲಣ್ಣ," ಎಂದಳು. ಪರಗಂಡಸನ್ನು ಕರೆದ ಹಾಗೆ ನಾಲಿಗೆ ತೊಡರಿತು. ಮತ್ತೆ ಕರೆದಳು. ಮೂರನೆಯ ಸಲ ಊರೇ ಕೇಳುವಂತೆ ಕೂಗಿದಳು. ಈಗ ಯಾರೂ ನಗಲಿಲ್ಲ.

"ಏಳ್ರಿ, ಹೊರ್ರಿ, ಹೋಗಾಣ," ಎಂದಳು.

*

ಮಣ್ಣು ಮುಚ್ಚಿ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಹೆಂಗಸರ ಜೊತೆ ಬರುತ್ತಿದ್ದ ಯಲ್ಲಕ್ಕನಿಗೆ ಬಸ್ಸಿನ ಕಟ್ಟೆಯ ಕಡೆಯಿಂದ ಮಕ್ಕಳ ಗಲಾಟೆ ಕೇಳಿಸಿತು. ಮಸಣಕ್ಕೆ ಮಕ್ಕಳನ್ನು ಕರೆದೊಯ್ಯುವ ರೂಢಿಯಿಲ್ಲವಾದ್ದರಿಂದ ಅವರನ್ನೆಲ್ಲ ಊರಲ್ಲೇ ಬಿಟ್ಟಿದ್ದರು.

ಫ್ಲೆಕ್ಸ್ ಹಾಗೇ ನಿಂತಿತ್ತು. ಪಾಲಣ್ಣನ ಮುಖದ ಕೆಳಗೆ, ಅವಳು ಕೊಯ್ದ ತೂತಿನಲ್ಲಿ, ಶಿವಗಂಗಮ್ಮನ ಐದು ವರ್ಷದ ಮೊಮ್ಮಗನ ತಲೆ ಹೊರಗೆ ಬಂದಿತ್ತು. ಮೂಗಿನ ಸಿಂಬಳ, ಕಣ್ಣೀರು ಒಂದಾಗಿದ್ದವು. ಎದುರಿಗೆ ಆರೇಳು ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು.

ಯಲ್ಲಕ್ಕ ಫ್ಲೆಕ್ಸಿನ ಹಿಂದಕ್ಕೆ ಹೋದಳು. ಸುದೀಪ ಎರಡೂ ಕೈಯಲ್ಲಿ ಆ ಮಗುವಿನ ಕುತ್ತಿಗೆ ಅಮುಕಿ ಹಿಡಿದಿದ್ದ. ಅವನ ಕೆನ್ನೆಯ ಮೇಲೆ ಬೆಳಗಿನ ಬೆರಳುಗಳು ಇನ್ನೂ ಮಾಸಿರಲಿಲ್ಲ.

"ಹಿಕ್ಕೇ..." ಎಂದು ಕೂಗಿದ ಸುದೀಪ. "ಓ ಅನ್ನು, ಬಿಡ್ತೀನಿ."

ಫ್ಲೆಕ್ಸಿನ ಆಚೆಯಿಂದ ಮಗು ಬಿಕ್ಕುತ್ತ, "ಓ," ಎಂದಿತು.