ನಕ್ಕವನ ಸಾಕ್ಷಿ

“ಅದಿರಿನಾಗ ಕಬ್ಬಿಣಾ ಎಷ್ಟದ ಅಂತ ಕೇಳಿದ್ರ, ತೊಗಲಾ ಎಷ್ಟು ಮೊಳಾ ಬೇಕ್ರಿ ಅಂತ ಕೇಳ್ತಾಳ ಇಕಿ!”

ಹಿಂದಿನ ಸೀಟಿನಲ್ಲಿ ಕೂತಿದ್ದ ವ್ಯಾಸರಾಜ ಸಾಹೇಬರು ತೊಡೆ ತಟ್ಟಿಕೊಂಡು ನಕ್ಕರು. ಪಕ್ಕದಲ್ಲಿದ್ದ ಸ್ಟೋರಿನ ಶ್ರೀನಿವಾಸ ಕೆಮ್ಮು ಬರುವವರೆಗೂ ನಕ್ಕ. ಸಾಹೇಬರಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ.

“ಅವರಪ್ಪ ಚಪ್ಪಲಿ ಹೊಲ್ದಾ. ಇಕಿ ಕಂಪನಿ ಬೂಟು ಹಾಕ್ಕೊಂಡು ಲ್ಯಾಬಿಗೆ ಬಂದಾಳ. ಇನ್ನ ಇಕಿ ಮಗಾ ಬಂದು ನಮ್ಮ ಕಡಿಂದ ಬೂಟು ನೆಕ್ಕಸ್ತಾನ ನೋಡು. ಹೌದಲ್ಲೋ ನಾಗೇಂದ್ರಪ್ಪಾ?”

“ಹೌದ್ರೀ ಸಾಹೇಬ್ರ,” ಎಂದು ಜೀಪು ಓಡಿಸುತ್ತಿದ್ದ ನಾಗೇಂದ್ರಪ್ಪ ಹಲ್ಲು ಕಿರಿದ.

ಕಿರಿಯದೆ ಇನ್ನೇನು ಮಾಡುತ್ತಾನೆ? ಸಂಡೂರಿನ ಆ ಗಣಿ ಕಂಪನಿಯಲ್ಲಿ ಅವನು ಗುತ್ತಿಗೆ ಡ್ರೈವರ್. ಸಾಹೇಬರು ಗುಡ್ಡ ಹತ್ತಿಸು ಅಂದರೆ ಹತ್ತಿಸಬೇಕು, ಎಸಿ ಹಾಕು ಅಂದರೆ ಹಾಕಬೇಕು, ಅವರು ನಕ್ಕರೆ ನಗಬೇಕು. ಎಲ್ಲವೂ ಡ್ಯೂಟಿಯೇ. ಅವನೂ ಮಾದಿಗರ ಕೇರಿಯವನೇ ಎಂಬುದು ಸಾಹೇಬರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಕೇಳುತ್ತಿದ್ದರು, ಅದರಲ್ಲೇ ಅವರಿಗೆ ಮಜಾ.

ಆದರೆ ಆವತ್ತು ಸಾಹೇಬರ ಗ್ರಹಚಾರ ಕೆಟ್ಟಿತ್ತು. ಅದಿರು ಪರೀಕ್ಷಿಸುವ ಲ್ಯಾಬಿನ ಸುಧಾರಾಣಿಗೆ ಫೋನ್ ಮಾಡಿ ರಿಪೋರ್ಟು ಕೇಳಿದ್ದರು. ಮಾತು ಮುಗಿದ ಮೇಲೆ ಕಟ್ ಆಗಿದೆ ಅಂತಲೇ ತಿಳಿದು ಫೋನನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಕಟ್ ಆಗಿರಲಿಲ್ಲ. ಆ ಕಡೆ ಹುಡುಗಿ ಫೋನನ್ನು ಕಿವಿಗೆ ಒತ್ತಿಕೊಂಡು ಎಲ್ಲವನ್ನೂ ಕೇಳಿದಳು. ನಾಗೇಂದ್ರಪ್ಪನ ‘ಹೌದ್ರೀ’ಯೂ ಅವಳಿಗೆ ಕೇಳಿಸಿತ್ತು.

ಅವಳು ದೂರು ಕೊಟ್ಟಳು. ಕಂಪನಿ ವಿಚಾರಣೆ ಇಟ್ಟಿತು. ಅಂಥ ಮಾತೇ ಆಡಿಲ್ಲ ಎಂದರು ವ್ಯಾಸರಾಜರು. ನನಗೆ ನಿದ್ದೆ ಹತ್ತಿತ್ತು ಎಂದ ಶ್ರೀನಿವಾಸ. ಉಳಿದವನು ನಾಗೇಂದ್ರಪ್ಪ.

ಜೀಪು ತೊಳೆಯುತ್ತಿದ್ದವನ ಹತ್ತಿರ ಸುಧಾರಾಣಿ ಬಂದು ನಿಂತಳು. ಮರಿಯಮ್ಮನಹಳ್ಳಿಯ ಹುಡುಗಿ, ಎಮ್ಮೆಸ್ಸಿ ಓದಿದವಳು. ಕಣ್ಣು ಕೆಂಪಗಿದ್ದವು.

“ಅಣ್ಣಾ, ನಂದು ಇನ್ನಾ ಪ್ರೊಬೇಷನ್ ಮುಗ್ದಿಲ್ಲ. ಸುಳ್ಳಿ ಅಂತ ಹೆಸರಿಟ್ಟು ತೆಗೀತಾರ. ನೀ ಕೇಳಿದ್ದು ಹೇಳಿದ್ರ ಸಾಕು.”

“ಹೇಳಿದ್ರ ನನ್ನ ತೆಗೀತಾರವ್ವಾ.”

“ಗೊತ್ತೈತಿ. ಅದಕ್ಕ ಕೈ ಮುಗಿಯಾಕ ಬಂದಿಲ್ಲ. ಕೇಳಿ ಹೋಗಾಕ ಬಂದೆ, ಅಷ್ಟ.”

ಅವಳು ಹೊರಟುಹೋದಳು. ನಾಗೇಂದ್ರಪ್ಪ ತೊಳೆದ ಗಾಲಿಯನ್ನೇ ಮತ್ತೆ ತೊಳೆದ.

ಅವನ ಹೆಂಡತಿ ದುರ್ಗಕ್ಕ ಕಂಪನಿಯ ಗೆಸ್ಟ್ ಹೌಸಿನಲ್ಲಿ ಕಸ ಹೊಡೆಯುವವಳು. ಸುದ್ದಿ ಆಗಲೇ ಅವಳ ಕಿವಿಗೂ ಬಿದ್ದಿತ್ತು. ರೊಟ್ಟಿ ಹಾಕುತ್ತ ಕೇಳಿದಳು: “ಅವನ ಹೆಣಾ ಎತ್ಲಿ, ಏನಂದನಂತ ಆ ಹಾಟ್ಯಾ?”

ನಾಗೇಂದ್ರಪ್ಪ ತಲೆ ಎತ್ತದೆ ಹೇಳಿದ. ತೊಗಲಿನದು, ಬೂಟಿನದು, ಎರಡನ್ನೂ.

“ಅವ ಅಂದ. ನೀ ಏನ್ ಮಾಡ್ದಿ?”

“ನಕ್ಕೆ.”

ದುರ್ಗಕ್ಕ ರೊಟ್ಟಿ ಬುಟ್ಟಿಯನ್ನು ಆಚೆ ಸರಿಸಿದಳು. “ನಮ್ಮಪ್ಪ ಕಂಪ್ಲಿ ಸಂತ್ಯಾಗ ಬಿಸಲಾಗ ಕುಂತು ಚಪ್ಪಲಿ ಹೊಲದು ನನ್ನ ಸಾಕ್ಯಾನ. ಅವ ಹೊಲದ ಜೋಡು ಮೆಟ್ಕೊಂಡ ನೀ ಮದಿವಿಗಿ ಬಂದಿದ್ದಿ. ನಕ್ಕೆಂತ! ಥೂ ನಿನ್ನ!”

“ಹೇಳಿದ್ರ ಕೆಲಸಾ ಹೋಗ್ತೈತಲೇ.”

“ಹೋಗ್ಲಿ, ಅದರ ಮನಿ ಹಾಳಾಗ!” ಎಂದಳು. ಹಾಗೇ ಗೋಡೆಗೆ ಒರಗಿ ಕೂತಳು. “ಹೋದ್ರ ಏನ್ ತಿನ್ನೂಣು?” ಎಂದು ಅವಳೇ ಕೇಳಿದಳು. ನಾಗೇಂದ್ರಪ್ಪನಿಗೆ ಸಾಹೇಬರಿಗಿಂತ ತನ್ನ ಹಲ್ಲಿನ ಮೇಲೇ ಹೆಚ್ಚು ಸಿಟ್ಟು ಬಂದಿತ್ತು.

ವಿಚಾರಣಾ ಸಮಿತಿಯವರು ಮೂವರು ಕೂತಿದ್ದರು. ಅಧ್ಯಕ್ಷ ಭಾರ್ಗವ್, ಹೆಡ್ ಆಫೀಸಿನಿಂದ ಬಂದ ಅಪೇಕ್ಷಾ ಮೇಡಂ, ಬರೆದುಕೊಳ್ಳಲು ಗುಮಾಸ್ತ ಸಿದ್ದಲಿಂಗೇಶ್. ವ್ಯಾಸರಾಜರಿಗೆ ಕುರ್ಚಿ, ಚಹಾ. ಸುಧಾರಾಣಿಗೆ ಬಾಗಿಲ ಹತ್ತಿರ ಸ್ಟೂಲು. ನಾಗೇಂದ್ರಪ್ಪ ನಿಂತೇ ಇದ್ದ.

“ಸಾಹೇಬರು ಏನಂದರು, ಹೇಳಪ್ಪ,” ಎಂದರು ಭಾರ್ಗವ್.

“ಇದ್ದಂಗ ಹೇಳ್ಲೇನ್ರಿ?”

“ಇದ್ದ ಹಾಗೇ ಹೇಳು.”

ಹೇಳಿದ. ಒಂದಕ್ಷರ ಬಿಡಲಿಲ್ಲ. ಸಿದ್ದಲಿಂಗೇಶನ ಪೆನ್ನು ಅರ್ಧಕ್ಕೇ ನಿಂತಿತು.

“ಛೀ!” ಎಂದರು ಅಪೇಕ್ಷಾ ಮೇಡಂ. “ಹೆಂಗಸರ ಮುಂದೆ ಎಂಥ ಮಾತಾಡ್ತಿದ್ದೀಯ?”

“ಮಾತು ನಂದಲ್ರೀ ಮೇಡಂ, ಸಾಹೇಬರದು.”

“ಅವರು ಜೀಪಿನೊಳಗೆ ಖಾಸಗಿಯಾಗಿ ಏನೋ ಅಂದಿರಬಹುದು. ನೀನು ಆಫೀಸಿನಲ್ಲಿ ನಿಂತು ಅಂತಿದ್ದೀಯ,” ಎಂದರು ಭಾರ್ಗವ್. ಆಮೇಲೆ ಮುಂದಕ್ಕೆ ಬಾಗಿದರು. “ಆವಾಗ ನೀನೂ ನಕ್ಕೆಯೇನು?”

“ಸಾಹೇಬ್ರು ನಕ್ರಲ್ರೀ, ಅದಕ್ಕ...”

“ನಕ್ಕೆಯೋ ಇಲ್ಲವೋ?”

ನಾಗೇಂದ್ರಪ್ಪ ಸುಧಾರಾಣಿಯ ಕಡೆ ನೋಡಲಾರದೆ ನೆಲ ನೋಡಿದ. “ನಕ್ಕೀನ್ರಿ.”

“ಕೇಳಿದವನು ನಕ್ಕಿದ್ದಾನೆ ಅಂದ ಮೇಲೆ ಅದು ಜೋಕು. ಬರ್ಕೊಳ್ಳಿ ಸಿದ್ದಲಿಂಗೇಶ್.”

ಸಿದ್ದಲಿಂಗೇಶ್ ಬರೆದುಕೊಂಡ. ಈ ಸಲ ಪೆನ್ನು ನಿಲ್ಲಲಿಲ್ಲ.

ತೀರ್ಪು ಬಂತು. ವ್ಯಾಸರಾಜರದು ಖಾಸಗಿ ತಮಾಷೆ, ನೋವಾಗಿದ್ದರೆ ಅವರಿಗೆ ವಿಷಾದವಿದೆ. ಆದರೂ ಶಿಕ್ಷೆಯೆಂದು ಹೊಸಪೇಟೆಯ ಕಚೇರಿಗೆ ವರ್ಗ. ಆಹಾ, ಎಂಥ ಶಿಕ್ಷೆ! ಸ್ವಂತ ಮನೆ ಇರುವುದೇ ಹೊಸಪೇಟೆಯಲ್ಲಿ, ಅಲ್ಲಿಗೆ ಹಾಕಿಸಿಕೊಳ್ಳಲು ಅವರು ಎಷ್ಟೋ ದಿನದಿಂದ ಒದ್ದಾಡುತ್ತಿದ್ದರು. ಸುಧಾರಾಣಿ ಜೊತೆಯವರ ಸಂಗಡ ಹೊಂದಿಕೊಂಡು ಹೋಗುವುದನ್ನು ಕಲಿಯಲಿ ಎಂದು ಅವಳ ಪ್ರೊಬೇಷನ್ ಇನ್ನೊಂದು ವರ್ಷ ಮುಂದಕ್ಕೆ ಹೋಯಿತು. ಸಮಿತಿಯ ಮುಂದೆ ಅವಾಚ್ಯ ಮಾತಾಡಿದ ಡ್ರೈವರ್ ನಾಗೇಂದ್ರಪ್ಪ ನಾಳೆಯಿಂದ ಕೆಲಸಕ್ಕೆ ಬೇಡ. ಇವತ್ತು ಮಾತ್ರ ಸಾಹೇಬರನ್ನು ಹೊಸಪೇಟೆಗೆ ಮುಟ್ಟಿಸಿ ಕೀಲಿ ಕೊಡಬೇಕು.

ಗುಡ್ಡದ ಮೇಲಿನ ಆಫೀಸಿನಲ್ಲಿ ಬೀಳ್ಕೊಡುಗೆಯೂ ಆಯಿತು. ಗಂಧದ ಹಾರ, ಶಾಲು, ಪೇಢೆ. ಹಾರ ಹಾಕಿಕೊಂಡೇ ಸಾಹೇಬರು ಜೀಪು ಹತ್ತಿದರು. ಇಳಿಜಾರಿನಲ್ಲಿ ಅವರಿಗೆ ಕರುಣೆ ಉಕ್ಕಿತು.

“ಬ್ಯಾಸರಾ ಮಾಡ್ಕೋಬ್ಯಾಡೋ ನಾಗೇಂದ್ರಪ್ಪಾ. ನಿನ್ನ ಮ್ಯಾಲ ನನಗೇನೂ ಸಿಟ್ಟಿಲ್ಲ. ಕೆಲಸಾ ಹೋತಂತ ಯಾಕ ಚಿಂತಿ? ನಿಮ್ಮ ಮಂದಿಗೆ ಕಸುಬು ಅದ ಅಲ್ಲೇನು? ಹೊಸಪ್ಯಾಟಿ ಮನಿಗೆ ಬಾ, ನನ್ನ ಬೂಟು ಹರದಾವ, ಹೊಲದು ಕೊಡೀಯಂತ.”

ನಕ್ಕರು. ನಕ್ಕು, ಕನ್ನಡಿಯಲ್ಲಿ ಡ್ರೈವರನ ಮುಖ ನೋಡಿದರು.

ಜೀಪು ಯಶವಂತನಗರ ಮುಟ್ಟಿತ್ತು. ಶಿಫ್ಟು ಬಿಡುವ ಹೊತ್ತು. ಕಂಪನಿ ಬಸ್ಸುಗಳ ಸುತ್ತ ತಲೆಯಿಂದ ಕಾಲಿನವರೆಗೆ ಕೆಂಪು ಧೂಳು ಮೆತ್ತಿಕೊಂಡ ಆಳುಗಳು, ಹೆಣ್ಣಾಳುಗಳು ಕಿಕ್ಕಿರಿದಿದ್ದರು. ನಾಗೇಂದ್ರಪ್ಪ ಅವರ ನಡುವೆಯೇ ಜೀಪು ನಿಲ್ಲಿಸಿದ. ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು, ಇಳಿದು ಹಿಂದಿನ ಬಾಗಿಲು ತೆರೆದ.

“ಇಳೀರಿ.”

“ಯಾಕೋ? ಟೈರು ಪಂಚರ್ರೇನು?”

“ಇಳೀರಿ ಅಂದೆ.” ತಿರುಗಿ ಕೂಗಿದ: “ಲೇ ಹುಲಿಗೇಶಾ! ಬರ್ರಲೇ ಎಲ್ಲಾರೂ! ಸಾಹೇಬ್ರು ಜೋಕ್ ಹೇಳ್ತಾರ!”

ಲೋಡಿಂಗಿನ ಹುಲಿಗೇಶ್ ಬುತ್ತಿ ಚೀಲ ಹಿಡಿದುಕೊಂಡೇ ಬಂದ. ಅವನ ಹಿಂದೆ ನಾಲ್ಕು ಮಂದಿ, ಅವರ ಹಿಂದೆ ಹತ್ತು ಮಂದಿ. ನೋಡುನೋಡುತ್ತ ಜೀಪಿನ ಸುತ್ತ ಜನವೋ ಜನ. ಸಾಹೇಬರು ಒಂದು ಕಾಲು ಕೆಳಗಿಟ್ಟರು.

“ಪೊಲೀಸರಿಗೆ ಫೋನ್ ಮಾಡ್ತೇನಿ ನೋಡು.”

“ಮಾಡ್ರಿ, ಅವರೂ ಬಂದು ಕೇಳ್ಲಿ,” ಎಂದ ನಾಗೇಂದ್ರಪ್ಪ. “ಜೀಪಿನಾಗ ಅಂದ್ರ ಖಾಸಗಿ ಅಂದ್ರಿ. ಇದು ರೋಡು. ಕೇಳಿದವ ನಕ್ರ ಜೋಕು ಅಂತ ಬರಸಿದ್ರಿ. ಇವರೂ ಕೇಳವ್ರ. ಲ್ಯಾಬಿನ ಹುಡುಗಿಗೆ ಏನಂದ್ರಿ, ಇದ್ದಂಗ ಹೇಳ್ರಿ. ಇಷ್ಟು ಮಂದ್ಯಾಗ ಒಬ್ಬ ನಕ್ರೂ ನಿಮ್ಮ ಕಾಲಿಗೆ ಬಿದ್ದು ಹೊಸಪ್ಯಾಟಿಗೆ ಮುಟ್ಟಸ್ತೀನಿ.”

“ಹೇಳ್ರೀ ಸಾಹೇಬ್ರ,” ಎಂದ ಹುಲಿಗೇಶ್. “ನಾವೂ ನಕ್ಕು ಭಾಳ ದಿನಾ ಆತು.”

ವ್ಯಾಸರಾಜರು ಸುತ್ತಲೂ ನೋಡಿದರು. ಹೆಹೆ ಎಂದು ತಾವೇ ಸ್ವಲ್ಪ ನಕ್ಕರು. ಆ ನಗೆಗೆ ಯಾರೂ ನಗೆ ಕೂಡಿಸಲಿಲ್ಲ. ಹಿಂದೆ ಬಸ್ಸಿನವನು ಹಾರ್ನ್ ಹೊಡೆದ, ಮತ್ತೆ ಹೊಡೆದ. ಒಬ್ಬರೂ ಬಸ್ಸು ಹತ್ತಲಿಲ್ಲ.

“ಹೇಳ್ರಿ,” ಎಂದ ನಾಗೇಂದ್ರಪ್ಪ.