ಹದಿನೆಂಟು ಊರುಗಳ ನೀರು

"ಕುಡೀರಿ ಮೇಡಮ್ಮೋರೆ, ಬಿಸ್ಲಾಗೆ ನಡ್ಕಂಡು ಬಂದಿದೀರಿ," ಎಂದು ಗಿರಿಯಮ್ಮ ಹಿತ್ತಾಳೆ ಚೊಂಬನ್ನು ಮುಂದೆ ಹಿಡಿದಳು.

ಜಗದಾಂಬ ಒಂದು ಗುಟುಕು ಕುಡಿದು ನಿಲ್ಲಿಸಿದಳು. ನೀರು ತಣ್ಣಗೆ, ಸಿಹಿಯಾಗಿತ್ತು. ಸ್ವಲ್ಪ ಹೊತ್ತಿನ ಹಿಂದೆ ಹಟ್ಟಿಯ ಮುಂದಿನ ಬೋರಿಂಗಿನಲ್ಲಿ ಅವಳು ಮುಖ ತೊಳೆದು ಬಾಯಿ ಮುಕ್ಕಳಿಸಿದ್ದಳು. ಆ ನೀರಿನ ಸವಳು ಇನ್ನೂ ನಾಲಗೆಯ ಮೇಲಿತ್ತು. ಎರಡೂ ಒಂದೇ ನೀರಾಗಿರಲು ಸಾಧ್ಯವಿರಲಿಲ್ಲ.

"ಇದು ಬೋರಿಂಗ್ ನೀರಲ್ವಾ?"

"ಬುಡಿ ಅತ್ಲಾಗೆ. ಆ ಸೌಳು ನೀರ ನಿಮ್ಗೆ ಕೊಡಾಕಾಯ್ತದಾ? ಇದು ಹೊಳೆ ಮರಳಾಗೆ ಚಿಲುಮೆ ತೋಡಿ ತಂದಿದ್ದು. ಎಲ್ಡು ಮೈಲಿ ಕಣವ್ವ. ನೆಂಟ್ರು ಇಷ್ಟ್ರು ಬಂದ್ರೆ ಇರ್ಲಿ ಅಂತ ಒಂದ್ ಬಿಂದ್ಗೆ ಮಡಗಿರ್ತೀವಿ."

"ಮತ್ತೆ ನೀವು ಕುಡಿಯೋದು?"

"ನಾವಾ? ನಾವೇನು ನೆಂಟ್ರಾ? ಬೋರಿಂಗ್ದೇ ಕುಡೀತೀವಿ."

ಜಗದಾಂಬಳ ಕೈಯಲ್ಲಿದ್ದ ಚೊಂಬು ಅಲ್ಲೇ ನಿಂತಿತು. "ನಮ್ಮ ಕಾಲೇಜಿಂದ ಕದರಪ್ಪ ತಿಂಗಳು ತಿಂಗಳೂ ಸೀಸೆ ತರ್ತಿದ್ದನಲ್ಲ, ಅದಕ್ಕೆ ಯಾವ ನೀರು ತುಂಬಿಸಿದ್ರಿ?"

"ಇದೇಯ. ಪಾಪ, ಕಾಲೇಜ್ನೋರು ಕುಡಿಯೋ ನೀರು ಕೇಳವ್ರೆ ಅಂತ ಅಂದ. ಅಷ್ಟು ದೂರದಿಂದ ಕೇಳ್ಕಳಿಸವ್ರೆ, ಕೆಟ್ಟ ನೀರು ಕಳ್ಸಿದ್ರೆ ನಮ್ ಹಟ್ಟಿ ಮಾನ ಏನಾಗ್ಬೇಕು?" ಗಿರಿಯಮ್ಮ ನಕ್ಕಳು. ನಗುವಾಗ ಅಭ್ಯಾಸಬಲದಿಂದ ಸೆರಗು ಬಾಯಿಗೆ ಬಂತು. ಒಳಗಿನಿಂದ ಯಾರೋ ಕರೆದಾಗ ಅವಳು ಕತ್ತು ಹೊರಳಿಸಲಿಲ್ಲ, ಇಡೀ ಮೈಯನ್ನೇ ತಿರುಗಿಸಿಕೊಂಡು ನಿಂತಳು. ಐವತ್ತು ದಾಟಿರದ ಹೆಂಗಸು, ಬೆನ್ನು ಹಲಗೆಯಂತೆ ಬಿಗಿದುಹೋಗಿತ್ತು.

ಜಗದಾಂಬ ಮಧುಗಿರಿಯ ಖಾಸಗಿ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಏಳು ವರ್ಷವಾದರೂ ಹುದ್ದೆ ತಾತ್ಕಾಲಿಕವಾಗಿಯೇ ಉಳಿದಿತ್ತು. ಐ.ಡಿ.ಹಳ್ಳಿ ಕಡೆಯಿಂದ ಬರುವ ವಿದ್ಯಾರ್ಥಿಗಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಅವಳು ಮೊದಲ ವರ್ಷವೇ ಗಮನಿಸಿದ್ದಳು. ಹಲ್ಲಿನ ಮೇಲೆ ಕಂದು ಕಲೆ, ಕೆಲವರ ಮೊಣಕಾಲು ಒಳಕ್ಕೆ ಬಾಗಿದ್ದವು. ನೀರಿನಲ್ಲಿ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಹೆಚ್ಚಿರಬೇಕೆಂದು ಊಹಿಸಿ, ದೆಹಲಿಗೆ ಅರ್ಜಿ ಬರೆದು, ಮೂರನೆಯ ಸಲಕ್ಕೆ ಕಿರು ಸಂಶೋಧನೆಯ ಅನುದಾನ ಪಡೆದಿದ್ದಳು. ಹದಿನೆಂಟು ಊರು, ಎರಡು ವರ್ಷ, ನಾನೂರ ಮೂವತ್ತೆರಡು ಸೀಸೆ. ಪಾಠ ಬಿಟ್ಟು ಹೋಗಲು ಅವಳಿಗೆ ಅನುಮತಿ ಇರಲಿಲ್ಲವಾದ್ದರಿಂದ ಪ್ರಯೋಗಾಲಯದ ಅಟೆಂಡರ್ ಕದರಪ್ಪ ಬಸ್ಸಿನಲ್ಲಿ ಸುತ್ತಿ ನೀರು ತರುತ್ತಿದ್ದ. ಅವನಿಗೆ ಕೊಟ್ಟಿದ್ದ ಚೀಟಿಯಲ್ಲಿ ಅವಳೇ ಬರೆದಿದ್ದಳು: "ಮನೆಯವರನ್ನು ಕೇಳಿ ಕುಡಿಯುವ ನೀರನ್ನು ತುಂಬಿಸಿಕೊಳ್ಳುವುದು."

ಫಲಿತಾಂಶ ಅವಳ ಊಹೆಯನ್ನು ಸುಳ್ಳು ಮಾಡಿತ್ತು. ಹತ್ತು ಲಕ್ಷ ಪಾಲು ನೀರಿಗೆ ಒಂದೂವರೆ ಪಾಲು ಫ್ಲೋರೈಡ್ ಎಂಬುದು ಮಿತಿ. ಅವಳ ಸೀಸೆಗಳೆಲ್ಲ ಅರ್ಧದಿಂದ ಮುಕ್ಕಾಲರೊಳಗೇ ನಿಂತಿದ್ದವು. ಬೇಸಿಗೆಯಿರಲಿ ಮಳೆಗಾಲವಿರಲಿ, ಅಂಕಿಗಳು ಅಲುಗಲಿಲ್ಲ. ವಿಜ್ಞಾನದಲ್ಲಿ ಊಹೆಗಿಂತ ಅಳತೆ ದೊಡ್ಡದು ಎಂದು ತನಗೆ ತಾನೇ ಹೇಳಿಕೊಂಡು, ನೀರು ನಿರಪಾಯಕಾರಿ, ಹಲ್ಲಿನ ಕಲೆಗೆ ಕಾರಣವನ್ನು ಬೇರೆಡೆ ಹುಡುಕಬೇಕು ಎಂದು ವರದಿ ಬರೆದು ಬೆರಳಚ್ಚು ಮಾಡಿಸಿದ್ದಳು. ನಾಡಿದ್ದು ವಿಶ್ವವಿದ್ಯಾನಿಲಯದ ಪರಿಶೀಲನಾ ಸಮಿತಿ ಬರುವುದಿತ್ತು. ವರದಿಗೆ ಬೋರಿಂಗುಗಳ ಫೋಟೊ ಇರಲಿ ಎಂದು ಪ್ರಾಂಶುಪಾಲರೇ ಒಂದು ದಿನದ ರಜೆ ಕೊಟ್ಟು ಅವಳನ್ನು ಇಲ್ಲಿಗೆ ಕಳಿಸಿದ್ದರು.

ಅವಳು ಫೋಟೊ ತೆಗೆಯಲಿಲ್ಲ. ಬ್ಯಾಗಿನಲ್ಲಿದ್ದ ಎರಡು ಸೀಸೆಗಳಲ್ಲಿ ಒಂದಕ್ಕೆ ಚಿಲುಮೆಯ ನೀರು, ಇನ್ನೊಂದಕ್ಕೆ ಬೋರಿಂಗಿನ ನೀರು ತುಂಬಿಕೊಂಡು ಮಧ್ಯಾಹ್ನದ ಬಸ್ಸು ಹಿಡಿದಳು.

ಪ್ರಯೋಗಾಲಯದಲ್ಲಿ ಗಾಜಿನ ಕೊಳವೆಗಳನ್ನು ಸಾಲಾಗಿ ನಿಲ್ಲಿಸಿ ಕೆಂಪು ದ್ರಾವಣ ಹಾಕಿದಳು. ಫ್ಲೋರೈಡ್ ಹೆಚ್ಚಿದ್ದಷ್ಟೂ ಕೆಂಪು ಬಣ್ಣ ಹಳದಿಗೆ ತಿರುಗುತ್ತದೆ. ಬಣ್ಣ ನಿಲ್ಲಲು ಒಂದು ಗಂಟೆ ಬೇಕು. ಆ ಒಂದು ಗಂಟೆ ಅವಳು ಸ್ಟೂಲಿನ ಮೇಲೆ ಕೂತೇ ಇದ್ದಳು. ಚಿಲುಮೆಯ ನೀರು ಅವಳಿಗೆ ಎರಡು ವರ್ಷದಿಂದ ಗೊತ್ತಿದ್ದ ಗುಲಾಬಿ ಬಣ್ಣಕ್ಕೆ ಬಂದು ನಿಂತಿತು. ಬೋರಿಂಗಿನದು ಅಳತೆಯ ಕೊನೆಯ ಕೊಳವೆಯನ್ನೂ ದಾಟಿ ನಿಂಬೆಹಣ್ಣಿನ ಹಳದಿಯಾಯಿತು. ಐದು ಪಟ್ಟು ತೆಳು ಮಾಡಿ ಮತ್ತೆ ನೋಡಿದಳು. ಲೆಕ್ಕ ಹಾಕಿದರೆ ನಾಲ್ಕೂಮುಕ್ಕಾಲು ಬಂತು. ಮೂರು ಸಲ ಮಾಡಿದರೂ ಅಷ್ಟೇ.

ಕದರಪ್ಪ ಬಾಗಿಲ ಬಳಿ ಕೀಲಿ ಹಿಡಿದು ನಿಂತಿದ್ದ. ಪಾವಗಡದ ಆಚೆಯವನು, ಮಾತಿನಲ್ಲಿ ತೆಲುಗು ಇಣುಕುತ್ತಿತ್ತು.

"ಕದರಪ್ಪ, ಎಲ್ಲಾ ಊರಲ್ಲೂ ಮನೆಯವ್ರೇ ಒಳಗಿಂದ ನೀರು ತುಂಬಿಸಿ ಕೊಟ್ರಾ? ನಿಜ ಹೇಳು."

"ಹದಿನೆಂಟೂರಾಗೂ ಅಂಗೇ ಮೇಡಮ್ನೋರೆ. ಬಾಟ್ಲಿ ಕೊಡ್ತಿದ್ದೆ, ಕುಡಿಯೋ ನೀರು ಅಂತಿದ್ದೆ, ಒಳಗಿಂದ ತುಂಬ್ಕಂಬಂದು ಕೊಡೋರು. ಕೆಲವ್ರು ಬಟ್ಟೆಯಾಗೆ ಸೋಸಿ ಕೊಡೋರು. ಅಯ್ಯೋ ದೇವುಡಾ, ಏನಾಯ್ತೀಗ?"

"ನೀನು ಒಂದು ಸಲಾನೂ ಬೋರಿಂಗ್ ಹತ್ರ ಹೋಗಿ ತುಂಬಿಸ್ಲಿಲ್ವಾ?"

"ಬೋರಿಂಗ್ ನೀರು ಕೇಳಿ ಅಂತ ಚೀಟಿಯಾಗೆ ಎಲ್ಲಿತ್ತು?" ಅವನು ಕೀಲಿಯನ್ನು ಮೇಜಿನ ಮೇಲಿಟ್ಟ. "ನಮ್ಮೂರಾಗೂ ಅಂಗೇ ಕೊಡ್ತಾರಮ್ಮ. ಮನೆ ಬಾಗ್ಲಿಗೆ ಬಂದೋರ್ಗೆ ಇನ್ಯಾವ ನೀರು ಕೊಡ್ತಾರೆ?"

ಬೈಯಬೇಕೆಂದರೆ ಬೈಯಬೇಕಾದವಳು ತಾನೇ. ಎರಡು ವರ್ಷದಲ್ಲಿ ಒಂದು ಭಾನುವಾರವಾದರೂ ಹೋಗಿ ನಿಂತು ನೋಡಬಹುದಾಗಿತ್ತು.

ಮರುದಿನ ಬೆಳಿಗ್ಗೆ ಅವಳು ಪ್ರಾಂಶುಪಾಲ ನಾಗಲಿಂಗಯ್ಯನವರ ಮುಂದೆ ಎರಡು ಕೊಳವೆಗಳನ್ನಿಟ್ಟು ಎಲ್ಲವನ್ನೂ ಹೇಳಿದಳು. ಅವರು ನಿವೃತ್ತಿಗೆ ಒಂದು ವರ್ಷವಿದ್ದ, ದನಿ ಎತ್ತರಿಸಿ ಮಾತಾಡದ ಮನುಷ್ಯ. ಕೊಳವೆಗಳನ್ನು ಬೆಳಕಿಗೆ ಹಿಡಿದು ನೋಡಿ ಜೋಪಾನವಾಗಿ ಕೆಳಗಿಟ್ಟರು.

"ನಾಳೆ ಸಮಿತಿ ಮುಂದೆ ಇದನ್ನ ಹೇಳ್ತೀರಾ?"

"ಹೇಳ್ಲೇಬೇಕಲ್ವಾ ಸರ್. ವರದಿಯೇ ತಪ್ಪು."

"ನೋಡಿ ಜಗದಾಂಬ. ಬಿ.ಎಸ್ಸಿ.ಗೆ ಕಾಯಂ ಮಾನ್ಯತೆ ಸಿಗ್ಬೇಕಾದ್ರೆ ಸಂಶೋಧನೆ ಕಾಲಮ್ಮಿಗೆ ಇಪ್ಪತ್ತು ಅಂಕ. ನಮ್ಮಲ್ಲಿ ಆ ಕಾಲಮ್ಮಿಗೆ ಬರೆಯೋಕೆ ಇರೋದು ನಿಮ್ಮ ವರದಿ ಒಂದೇ. ಕನ್ನಡದೋರು ಬರೀಲಿಲ್ಲ, ಫಿಸಿಕ್ಸಿನೋರಿಗೆ ಲ್ಯಾಬೇ ಇಲ್ಲ. ಮಾನ್ಯತೆ ಹೋದ್ರೆ ಅರವತ್ತನಾಲ್ಕು ಹುಡುಗ್ರನ್ನ ಪರೀಕ್ಷೆಗೆ ಕೂರಿಸೋ ಹಾಗಿಲ್ಲ. ಅವ್ರಲ್ಲಿ ಅರ್ಧ ನಿಮ್ಮ ಆ ಹದಿನೆಂಟು ಊರಿನೋರೇ."

"ಆದ್ರೆ ನೀರು..."

"ನೀರು ನಾಳೆಗೇ ಬತ್ತೋದಿಲ್ಲ. ತಿದ್ದುಪಡಿ ಪತ್ರ ಬರ್ಕೊಡಿ. ಮಾನ್ಯತೆ ಆರ್ಡರ್ ಬಂದ ದಿನಾನೇ ನಾನೇ ಮೇಲಕ್ಕೆ ಕಳಿಸ್ತೀನಿ. ಎರಡು ತಿಂಗಳು, ಅಷ್ಟೇ." ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. "ನಿಮ್ಮ ಕೆಲಸ ಕಾಯಮ್ಮಾಗೋದೂ ಅದೇ ಆರ್ಡರಲ್ಲೇ ಅನ್ನೋದನ್ನ ನಾನು ಹೇಳ್ತಿಲ್ಲ. ಅದು ನಿಮಗೇ ಗೊತ್ತು."

ಜಗದಾಂಬ ಕೊಳವೆಗಳನ್ನು ಎತ್ತಿಕೊಂಡು ಹೊರಬಂದಳು. ಅಂದು ಸಂಜೆಯೊಳಗೆ ಎರಡು ಪುಟದ ತಿದ್ದುಪಡಿ ಪತ್ರ ಬರೆದಳು, ಮರುದಿನ ಅದನ್ನು ಸೀರೆಯ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಸಮಿತಿಯ ಮುಂದೆ ಬಾಯಿಬಿಟ್ಟು ಹೇಳುವುದೋ, ಪತ್ರವನ್ನು ನಾಗಲಿಂಗಯ್ಯನವರ ಕೈಗೆ ಕೊಡುವುದೋ ಎಂಬುದು ಮಾತ್ರ ತೀರ್ಮಾನವಾಗಿರಲಿಲ್ಲ.

ಸಮಿತಿಯವರು ಮೂರು ಜನ, ಹನ್ನೊಂದು ಗಂಟೆಗೆ ಕಾರಿನಲ್ಲಿ ಬಂದರು. ಉಪ್ಪಿಟ್ಟು, ಬಾಳೆಹಣ್ಣು ಮುಗಿಸಿ, ಗ್ರಂಥಾಲಯದಲ್ಲಿ ಪುಸ್ತಕ ಎಣಿಸಿ, ಪ್ರಯೋಗಾಲಯಕ್ಕೆ ಬಂದಾಗ ಒಂದು ಗಂಟೆ ಮೀರಿತ್ತು. ಅಧ್ಯಕ್ಷರು ವಯಸ್ಸಾದ ರಸಾಯನಶಾಸ್ತ್ರದ ಪ್ರೊಫೆಸರು. ವರದಿಯ ಕೋಷ್ಟಕಗಳ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಅವಳು ಅವರ ಪಕ್ಕದಲ್ಲಿ ನಿಂತಿದ್ದಳು. ಸರ್, ಒಂದು ವಿಷಯ, ಎಂದು ಶುರುಮಾಡಬೇಕಿದ್ದ ವಾಕ್ಯ ನಾಲಗೆಯ ತುದಿಯಲ್ಲಿತ್ತು.

"ಭೇಷ್," ಎಂದರು ಅಧ್ಯಕ್ಷರು. "ಇಪ್ಪತ್ನಾಲ್ಕು ತಿಂಗಳು, ಎಲ್ಲೂ ಏರುಪೇರಿಲ್ಲ. ಎಂಥ ಅಚ್ಚುಕಟ್ಟಾದ ಅಂಕಿ! ನಮ್ಮ ವಿಭಾಗದಲ್ಲಿ ಹವಾನಿಯಂತ್ರಿತ ಕೋಣೆಯಲ್ಲಿ ಕೂತು ಮಾಡೋರಿಗೂ ಇಷ್ಟು ಸ್ಥಿರವಾಗಿ ಬರೋದಿಲ್ಲ." ಅವರು ಉಳಿದಿಬ್ಬರ ಕಡೆ ತಿರುಗಿದರು. "ಈ ಕಡೆ ಕಾಲೇಜುಗಳಲ್ಲಿ ಈ ಕಾಲಮ್ಮಿಗೆ ನಾವು ಗೀಟೆಳೆದೇ ಹೋಗೋದು, ಅಲ್ವೇ? ಇದೇ ಮೊದಲು ಅಂಕ ಕೊಡ್ತಿರೋದು."

ಕಿಟಕಿಯ ಆಚೆ ಫಿಸಿಕ್ಸಿನ ಇಬ್ಬರು ಮೇಷ್ಟ್ರುಗಳು ಒಳಕ್ಕೆ ಇಣುಕುತ್ತಿದ್ದರು. ನಾಗಲಿಂಗಯ್ಯನವರು ನೆಲ ನೋಡುತ್ತಿದ್ದರು.

"ಹಾಗಾದ್ರೆ ನೀರಿನ ಬಗ್ಗೆ ಜನ ಹೆದರಬೇಕಾಗಿಲ್ಲ ಅಂದ ಹಾಗಾಯ್ತು?" ಎಂದು ಅಧ್ಯಕ್ಷರು ಅವಳನ್ನೇ ಕೇಳಿದರು.

ಎರಡು ವರ್ಷ ಯಾರೂ ಅವಳ ಅಂಕಿಗಳನ್ನು ಹೀಗೆ ಬೆರಳಿಟ್ಟು ಓದಿರಲಿಲ್ಲ. ಅವು ನೆಂಟರ ಬಿಂದಿಗೆಯ ಅಂಕಿಗಳು ಎಂದು ಈ ಬೆರಳಿನ ಮುಂದೆ ಹೇಳಬೇಕಿತ್ತು.

"ವರದಿಯಲ್ಲಿರೋದು ಅದೇ ಸರ್," ಎಂದಳು.

ಅವರು ಇಪ್ಪತ್ತಕ್ಕೆ ಹದಿನೇಳು ಬರೆದರು. ಕಾರು ಹೋದ ಮೇಲೆ ಜಗದಾಂಬ ತಿದ್ದುಪಡಿ ಪತ್ರವನ್ನು ನಾಗಲಿಂಗಯ್ಯನವರ ಮೇಜಿನ ಮೇಲಿಟ್ಟಳು. ಅವರು ಅದನ್ನು ಓದಿ, ದಿನಾಂಕ ಹಾಕದೆ ಬಿಟ್ಟ ಜಾಗವನ್ನು ಗಮನಿಸಿ, ಡ್ರಾಯರಿನಲ್ಲಿಟ್ಟರು.

ಆದೇಶ ಎರಡು ತಿಂಗಳಲ್ಲಿ ಬರಲಿಲ್ಲ. ಅವಳು ವಾರಕ್ಕೊಮ್ಮೆ ಪ್ರಾಂಶುಪಾಲರ ಕೋಣೆಯ ಮುಂದೆ ನಿಲ್ಲುತ್ತಿದ್ದಳು. "ಇನ್ನೂ ಇಲ್ಲ," ಎಂದು ಅವರು ಅವಳು ಕೇಳುವ ಮೊದಲೇ ಹೇಳುತ್ತಿದ್ದರು. ಒಮ್ಮೆ ತಾನೇ ನೇರವಾಗಿ ದೆಹಲಿಗೆ ಬರೆಯಲು ಕೂತಳು. ಲಕೋಟೆಯ ಮೇಲೆ ವಿಳಾಸವನ್ನೂ ಬರೆದಳು. ಪ್ರಾಂಶುಪಾಲರ ಸಹಿಯಿಲ್ಲದ ಪತ್ರ ತಿರುಗಿ ಅವರಿಗೇ ಬರುತ್ತದೆ ಎಂದು ಆಫೀಸಿನ ಗುಮಾಸ್ತ ಹೇಳಿದ. ಲಕೋಟೆ ಅವಳ ಪುಸ್ತಕದೊಳಗೆ ಉಳಿಯಿತು. ಆದೇಶ ಬಂದದ್ದು ಆರನೆಯ ತಿಂಗಳಲ್ಲಿ. ಅದರಲ್ಲಿ ಅವಳ ಹುದ್ದೆ ಕಾಯಂ ಆದ ಮಾತೂ ಇತ್ತು. ಅದೇ ವಾರ ತಾಲ್ಲೂಕು ಬೋರ್ಡಿನಿಂದ ಇನ್ನೊಂದು ಕಾಗದ ಬಂತು. ನಾಗಲಿಂಗಯ್ಯನವರು ಕಾಲೇಜಿಗೆ ಹೆಸರು ಬರಲೆಂದು ಸಮಿತಿ ಬಂದುಹೋದ ಮರುದಿನವೇ ವರದಿಯ ಒಂದು ಪ್ರತಿಯನ್ನು ಬೋರ್ಡಿಗೂ ಕಳಿಸಿದ್ದರಂತೆ. ಅದರ ಆಧಾರದ ಮೇಲೆ, ಹೊಳೆಯಿಂದ ಪೈಪು ಎಳೆಯುವ ದುಬಾರಿ ಯೋಜನೆ ಅನಗತ್ಯವೆಂದು ತೀರ್ಮಾನಿಸಿ, ಹದಿನೆಂಟು ಊರುಗಳಿಗೂ ಊರಿಗೆರಡರಂತೆ ಹೊಸ ಬೋರಿಂಗ್ ಕೊರೆಸಲಾಗಿದೆ, ಮೊದಲನೆಯದರ ಪ್ರಾರಂಭಕ್ಕೆ ತಾವು ಬರಬೇಕು, ಎಂದಿತ್ತು.

"ತಿದ್ದುಪಡಿ ಇವತ್ತೇ ಕಳಿಸ್ತೀನಿ," ಎಂದರು ನಾಗಲಿಂಗಯ್ಯ. ಡ್ರಾಯರು ಎಳೆದು ಪತ್ರ ತೆಗೆದು ಅಂದಿನ ದಿನಾಂಕ ಹಾಕಿದರು.

ಹಟ್ಟಿಯಲ್ಲಿ ಮಾವಿನೆಲೆಯ ತೋರಣ ಕಟ್ಟಿದ್ದರು. ಜಗದಾಂಬ ಬಸ್ಸಿಳಿದವಳೇ ಜನರ ನಡುವಿನಿಂದ ಗಿರಿಯಮ್ಮನನ್ನು ಪಕ್ಕಕ್ಕೆ ಕರೆದಳು.

"ಗಿರಿಯಮ್ಮ, ನನ್ನ ಮಾತು ಕೇಳಿ. ಈ ನೀರು ಕುಡೀಬೇಡಿ. ಮಕ್ಕಳಿಗಂತೂ ಕೊಡ್ಲೇಬೇಡಿ. ನಿಮ್ಮ ಬೆನ್ನು ಹೀಗಾಗಿರೋದು ಇದರಿಂದ್ಲೇ."

ಗಿರಿಯಮ್ಮ ಅವಳನ್ನು ನೋಡಿ, ತಮಾಷೆಯಿರಬೇಕೆಂದು ನಕ್ಕಳು. "ಏನವ್ವ ಇಂಗಂತೀರಿ? ನೀರು ಒಳ್ಳೇದು, ಏನೂ ದೋಸಿಲ್ಲ ಅಂತ ನೀವೇ ಬರ್ದಿದೀರಂತಲ್ಲ. ಬೋರ್ಡ್ ಚೇರ್ಮನ್ ಕ್ಯಾತಣ್ಣ ಎಲ್ರ ಮುಂದೂ ಓದಿ ಹೇಳ್ದ. ದಿಲ್ಲೀಲಿ ಮೊಹರು ಹಾಕವ್ರಂತೆ."

"ಅದು ತಪ್ಪಾಗಿ ಬರೆದದ್ದು. ನಾನೇ ತಪ್ಪು ಮಾಡಿದ್ದು."

"ಹೂಂ ಬುಡಿ, ನೀವು ತಪ್ಪು ಬರೀತೀರಾ?" ಗಿರಿಯಮ್ಮ ಅವಳ ಕೈ ಹಿಡಿದುಕೊಂಡಳು. "ಇದೇ ತಿಂಗ್ಳಿಂದ ನಮ್ಮೆಣ್ಮಕ್ಳು ಚಿಲುಮೆಗೋಗೋದೇ ಬುಟ್ಟವ್ರೆ. ಮರಳು ತೋಡೀ ತೋಡೀ ಉಗುರೆಲ್ಲ ಕಿತ್ತೋಗಿದ್ವು. ಒಂದ್ ಪುಣ್ಯ ಕಟ್ಕಂಡ್ರಿ ಕಣಮ್ಮ."

ಅಷ್ಟರಲ್ಲಿ ಕ್ಯಾತಣ್ಣ ಬಂದು, "ಬರ್ಬೇಕು ಮೇಡಮ್ಮೋರೆ, ಎಲ್ರೂ ಕಾಯ್ತಾವ್ರೆ. ಇದು ನಿಮ್ಮ ಕೈಯಿಂದ್ಲೇ ಆಗ್ಬೇಕು," ಎಂದು ಗುಂಪನ್ನು ಸರಿಸಿದ. ಅವಳು ಅವನಿಗೂ ಹೇಳಲು ಬಾಯಿ ತೆರೆದಳು. ಜಾಗಟೆ ಬಾರಿಸುವವನು ಆಗಲೇ ಶುರುಮಾಡಿಬಿಟ್ಟಿದ್ದ. ಯಾರೋ ಕಾಯಿ ಒಡೆದರು. ಯಾರೋ ಅವಳ ಹಣೆಗೆ ಕುಂಕುಮವಿಟ್ಟು, ಅವಳ ಎರಡು ಕೈಗಳನ್ನೂ ಹಿಡಿದು ಪಂಪಿನ ಹಿಡಿಯ ಮೇಲಿಟ್ಟರು. ಬಿಸಿಲಿಗೆ ಕಬ್ಬಿಣ ಕಾದಿತ್ತು.

ಹಿಂದಿನಿಂದ ಯಾರೋ, "ಒತ್ರಮ್ಮ, ಒತ್ರಿ, ಕಾಲೇಜ್ನೋರಿಗೆ ತಾಕತ್ತಿಲ್ವಾ?" ಎಂದು ಕೂಗಿದರು. ಎಲ್ಲರೂ ನಕ್ಕರು. ಅವಳು ಒತ್ತಿದಳು. ಆಳದಲ್ಲೆಲ್ಲೋ ಗಾಳಿ ಗೊರಗೊರ ಎಂದಿತು. ಮೊದಲು ಕೆಂಪು ಕೆಸರು ಬಂತು, ಆಮೇಲೆ ತೆಳು ಬಿಳುಪು, ಆಮೇಲೆ ಕನ್ನಡಿಯಂಥ ನೀರು. ಹೆಂಗಸರು ಚಪ್ಪಾಳೆ ತಟ್ಟಿದರು. ಮೊದಲ ಕೊಡ ತುಂಬಿತು. ಅದನ್ನೆತ್ತಿಕೊಂಡ ಹುಡುಗಿ ಸರಿಯುವ ಮೊದಲೇ ಇನ್ನೊಂದು ಕೊಡವನ್ನು ಯಾರೋ ಕೆಳಗೆ ತಳ್ಳಿದರು, ಅದರ ಹಿಂದೆ ಮತ್ತೊಂದನ್ನು. ಸಾಲು ಹುಣಸೆಮರ ದಾಟಿ ಹಟ್ಟಿಯ ಕೊನೆಯವರೆಗೂ ಬೆಳೆದಿತ್ತು. ಜಗದಾಂಬಳ ಕೈಗಳು ಏಳುತ್ತ ಇಳಿಯುತ್ತ ಇದ್ದವು.