ವಾಲ್ಡೆಮಾರನ ಬಾಯಿಕಟ್ಟು

ಟಕುವಾರೆಂಬೊ ಊರಿನ ಹಾಡುಗಾರ ವಾಲ್ಡೆಮಾರನ ಮೇಲ್ದವಡೆಯ ಮುಂದಿನ ಹಲ್ಲುಗಳು ಉದುರಿ ಎಷ್ಟೋ ಕಾಲವಾಗಿತ್ತು. ಬೇರೆಯವರಿಗಾದರೆ ಅದೇನು ಮಹಾ? ಇವನ ಕಸುಬೋ, ಗಿಟಾರು ಹಿಡಿದು ನಿಂತ ನಿಲುವಿನಲ್ಲೇ ಪದ ಕಟ್ಟಿ ಎದುರಾಳಿಯನ್ನು ಸೋಲಿಸುವುದು. ಹೋದ ವರ್ಷದ ಹಾಡಿನ ಜಿದ್ದಿನಲ್ಲಿ ರುದೆಸಿಂದೋ ಎಂಬ ಕಿಡಿಗೇಡಿ, "ಅಣ್ಣನ ಬಾಯಿಗೆ ಕದವೇ ಇಲ್ಲ, ಗಾಳಿ ಬರ್ತದೆ, ಪದ ಬರಲ್ಲ" ಎಂದು ಹಾಡಿಬಿಟ್ಟ. ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು. ವಾಲ್ಡೆಮಾರ ಉತ್ತರ ಕೊಡಲು ಬಾಯಿ ತೆರೆದ. ಗಾಳಿಯೇ ಬಂತು.

ಹಲ್ಲು ಕಟ್ಟಿಸಿಕೊಂಡು ಅವನಿಗೆ ಉತ್ತರ ಕೊಡಬೇಕು, ಇಲ್ಲದಿದ್ದರೆ ಗಿಟಾರು ಅಟ್ಟಕ್ಕೆ ಎಂದು ಅವತ್ತೇ ಪಣ ತೊಟ್ಟ.

ಹಲ್ಲು ನೆಡೋಣವೆಂದರೆ ದವಡೆಯಲ್ಲಿ ಮೂಳೆಯೇ ಉಳಿದಿರಲಿಲ್ಲ. ದಂತವೈದ್ಯೆ ಇವೋನ್ ದನದ ಮೂಳೆಯ ಪುಡಿ ತುಂಬಿ ಹೊಲಿಗೆ ಹಾಕಿದಳು. "ಇದು ಗಟ್ಟಿಯಾಗೋವರೆಗೆ ಸಿಗರೇಟಿಲ್ಲ, ಸುಟ್ಟ ಮಾಂಸ ಇಲ್ಲ. ಸ್ಟ್ರಾ ಹಾಕಿ ಹೀರೋದಂತೂ ಬೇಡವೇ ಬೇಡ. ಹೀರಿದ್ರೆ ಎಲ್ಲಾ ಕಿತ್ತು ಬರ್ತದೆ, ವಾಲ್ಡೆಮಾರ್ ಅವರೇ."

"ಸ್ಟ್ರಾ ಚೀಪೋಕೆ ನಾನೇನು ಎಳೆ ಮಗೂನಾ, ಡಾಕ್ಟ್ರಮ್ಮ?"

ಆಹಾ, ಏನು ಪಥ್ಯ, ಏನು ಪಥ್ಯ! ಹೆಂಡತಿ ಒಫೇಲಿಯಾ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಳು. "ಜೀವಮಾನವಿಡೀ ದನ ತಿಂದೆಯಲ್ಲ ಮುದುಕಾ, ಈಗ ದನಾನೇ ಬಂದು ನಿನ್ನ ಬಾಯಲ್ಲಿ ಕೂತಿದೆ. ಮೆತ್ತಗೆ ನೋಡ್ಕೋ." ಊರೆಲ್ಲ ಪಕ್ಕೆಲುಬು ಕಡಿಯುವಾಗ ಈ ಮಹಾತ್ಯಾಗಿ ಕಿವುಚಿದ ಕುಂಬಳಕಾಯಿ ನುಂಗಿದ. ನಾಯಿಯನ್ನು ಶಿಳ್ಳೆ ಹಾಕಿ ಕರೆಯುವುದನ್ನೂ ಬಿಟ್ಟ. ಅವನ ಕಷ್ಟ ನೋಡಲಾರದೆ ಒಫೇಲಿಯಾ ಸೋರೆಬುರುಡೆಗೆ, ಆ ಊರವರು ಚಹಾದಂತೆ ಕುಡಿಯುವ ಮಾಟೆಯ ಕಹಿ ಎಲೆ ತುಂಬಿ, ಬಿಸಿ ಆಗದೆಂದು ಉಗುರುಬೆಚ್ಚಗಿನ ನೀರು ಹೊಯ್ದು, ಬುರುಡೆಯ ಮೇಲೆ ಬುರುಡೆ ಕೊಟ್ಟಳು. ಅವನೂ ಬೆಳಗಿಂದ ಬೈಗಿನವರೆಗೆ ಕಬ್ಬಿಣದ ಕೊಳವೆಯಲ್ಲಿ ಗೊರಗೊರ ಎನ್ನುವಷ್ಟು ಹೀರಿದ. ಅಲ್ಲಿನ ರೂಢಿಯಲ್ಲಿ ಬುರುಡೆ ವಾಪಸ್ಸು ಕೊಡುವಾಗ ಥ್ಯಾಂಕ್ಸ್ ಅಂದರೆ ಇನ್ನು ಸಾಕು ಎಂದರ್ಥ. ಹುಟ್ಟಿದಾಗಿನಿಂದ ಆ ಮಾತು ಅವನ ಬಾಯಿಂದ ಬಂದಿರಲಿಲ್ಲ.

ಒಂದು ದಿನ ಹೊಲಿಗೆ ಬಿಚ್ಚಿ ಮೂಳೆಯ ಪುಡಿ ಮರಳಿನ ಹಾಗೆ ನಾಲಿಗೆಗೆ ಬಂತು. ಗಂಡ ಹೆಂಡತಿ ಇವೋನಳ ಬಳಿಗೆ ಓಡಿದರು.

"ಸ್ಟ್ರಾ ಹಾಕಿ ಹೀರಿದ್ರಾ?" ಇವೋನ್ ಕೇಳಿದಳು.

"ನಮ್ಮಮ್ಮನಾಣೆ ಇಲ್ಲ!"

"ನಾನೇ ಕಾವಲಿದ್ದೆ," ಒಫೇಲಿಯಾ ಸಿಡುಕಿದಳು. "ನಿಮ್ಮ ಪುಡೀನೇ ಕಳಪೆ."

ಇವೋನಳಿಗೆ ತಲೆಬುಡ ತಿಳಿಯಲಿಲ್ಲ. ಊರಿನ ಎಲ್ಲರ ಹಾಗೆ ಕಂಕುಳಲ್ಲಿ ಇಟ್ಟುಕೊಂಡಿದ್ದ ಫ್ಲಾಸ್ಕಿನಿಂದ ತನ್ನ ಮಾಟೆಯ ಬುರುಡೆಗೆ ನೀರು ಹೊಯ್ದು, ಪಾಪ ಎಂದು ಅವನ ಕೈಗಿತ್ತಳು. ಅವನು ಕೊಳವೆಗೆ ಬಾಯಿಟ್ಟು ಎಳೆದ. ಗೊರ್ ಎಂದಿತು. ಮೂವರೂ ಆ ಕೊಳವೆಯನ್ನೇ ನೋಡಿದರು.

"ಅಯ್ಯೋ ನನ್ನ ಕರ್ಮವೇ," ಎಂದಳು ಒಫೇಲಿಯಾ.

"ಆಪರೇಷನ್ ಆದ ದಿನ ಸುಧಾರಿಸ್ಕೊಳ್ಳಿ ಅಂತ ಮೊದಲ ಬುರುಡೆ ಕೊಟ್ಟವಳೂ ನಾನೇ," ಎಂದಳು ಇವೋನ್. "ಮತ್ತೆ ಮೊದಲಿಂದ ಮಾಡ್ತೀನಿ. ಈ ವರ್ಷದ ಜಿದ್ದಿಗೆ ಹಲ್ಲು ಆಗಲ್ಲ. ಮುಂದಿನ ವರ್ಷಕ್ಕೆ ಆಗ್ತದೆ, ಇದನ್ನ ಹೀರೋದು ಬಿಟ್ರೆ."

ವಾಲ್ಡೆಮಾರ ಅರ್ಧ ತುಂಬಿದ ಬುರುಡೆಯನ್ನು ನೋಡಿದ. ಸಿಗರೇಟು, ಮಾಂಸ, ಶಿಳ್ಳೆ ಬಿಡುವುದು ಇಷ್ಟು ಕಷ್ಟವಾಗಿರಲಿಲ್ಲ. ಕಿವಿಯಲ್ಲಿ ಮಾತ್ರ ರುದೆಸಿಂದೋನ ಪದ, ಊರಿನ ನಗು.

ಬುರುಡೆಯನ್ನು ಅವಳ ಕೈಗೆ ವಾಪಸ್ಸು ಕೊಟ್ಟ.

"ಥ್ಯಾಂಕ್ಸ್, ಡಾಕ್ಟ್ರಮ್ಮ," ಎಂದ. ಮಾತಿಗಿಂತ ಮೊದಲು ಗಾಳಿಯೇ ಬಂತು.